ಬಿ. ಎಂ. ಶ್ರೀಕಂಠಯ್ಯ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ (ಜನವರಿ 3, 1884 – ಜನವರಿ 5, 1946) ಕನ್ನಡದ ಕವಿ, ನಾಟಕಕಾರ, ಅನುವಾದಕ, ವಿದ್ವಾಂಸ ಮತ್ತು ಪ್ರಾಧ್ಯಾಪಕರು. ಕನ್ನಡಿಗರಲ್ಲಿ ಬಿ.ಎಂ.ಶ್ರೀ. ಎಂಬ ಹೆಸರಿನಿಂದಲೂ 'ಶ್ರೀ' ಎಂಬ ಕಾವ್ಯನಾಮದಿಂದಲೂ ಪರಿಚಿತರು. ಹೊಸಗನ್ನಡ ಕಾವ್ಯದ ನವೋದಯಕ್ಕೆ ದಾರಿ ಮಾಡಿಕೊಟ್ಟ 'ಇಂಗ್ಲಿಷ್ ಗೀತಗಳು', ರನ್ನನ ಚಂಪೂಕಾವ್ಯವನ್ನು ರುದ್ರನಾಟಕವಾಗಿ ಮರುರೂಪಿಸಿದ 'ಗದಾಯುದ್ಧ ನಾಟಕಂ', ಗ್ರೀಕ್ ನಾಟಕವೊಂದನ್ನು ಮಹಾಭಾರತದ ಲೋಕಕ್ಕೆ ತಂದ 'ಅಶ್ವತ್ಥಾಮನ್' ಇವರ ಮುಖ್ಯ ಕೃತಿಗಳು. ಇವೆಲ್ಲ ಮೊದಲೇ ಇದ್ದ ಕೃತಿಗಳನ್ನು ಆಧರಿಸಿದವು. ಆದರೆ ಮೂಲದ ದೇಶ, ಕಾಲ ಅಥವಾ ಸಾಹಿತ್ಯಪ್ರಕಾರ ಶ್ರೀಯವರ ಕೈಯಲ್ಲಿ ಬದಲಾಗಿರುವ ರೀತಿಯಿಂದಾಗಿ ಇವನ್ನು ಬರಿಯ ಭಾಷಾಂತರಗಳೆಂದು ಕರೆಯುವುದು ಕಷ್ಟ. ಇಷ್ಟು ಕಡಮೆ ಬರೆದು ಇಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡಿದ ಲೇಖಕರು ಕನ್ನಡದಲ್ಲಿ ವಿರಳ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಕಂಠಯ್ಯನವರು ಹುಟ್ಟಿದ್ದು ತಾಯಿಯ ತವರಾದ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ. ಮನೆತನದ ಮೂಲ ಊರು ಇಂದಿನ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಸೇರಿದ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು, ತಾಯಿ ಭಾಗೀರಥಮ್ಮ. ಆರಂಭದ ಶಿಕ್ಷಣ ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿ ಬಿ.ಎ. ಪದವಿ ಪಡೆದರು. ಆ ಬಳಿಕ ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಗಳಿಸಿದರು. ಕಾನೂನು ಓದಿದ್ದರೂ ತಂದೆಯ ವೃತ್ತಿಯನ್ನು ಹಿಡಿಯಲಿಲ್ಲ.

ವೃತ್ತಿಜೀವನ

1909ರಲ್ಲಿ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. 1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ 1942ರವರೆಗೆ ಸೇವೆ ಸಲ್ಲಿಸಿ ನಿವೃತ್ತರಾದರು. ಜೀವನವಿಡೀ ಸಂಬಳ ಕೊಟ್ಟದ್ದು ಇಂಗ್ಲಿಷ್, ದುಡಿದದ್ದು ಕನ್ನಡಕ್ಕೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಅದರ ಹಿಂದೆ ಇದ್ದ ಬಲಗಳಲ್ಲಿ ಅವರದೂ ಒಂದು. ಆ ತರಗತಿಯ ಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರು. ಎಸ್. ವಿ. ರಂಗಣ್ಣ, ತೀ. ನಂ. ಶ್ರೀಕಂಠಯ್ಯ ಮೊದಲಾದವರು ಶ್ರೀಯವರ ಶಿಷ್ಯವರ್ಗಕ್ಕೆ ಸೇರಿದವರು. ಶಿಷ್ಯರನ್ನು ಬೆಳೆಸಿದ ಈ ಗುಣದಿಂದಾಗಿ 'ಕನ್ನಡದ ಕಣ್ವ' ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು.

ಧಾರವಾಡದ ಉಪನ್ಯಾಸ

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಶ್ರೀಯವರು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸವನ್ನು ಕೊಟ್ಟರು. ಆಗ ಅವರ ವಯಸ್ಸು 27. ಹೆಸರಿಸಬಹುದಾದ ಒಂದು ಕೃತಿಯೂ ಇನ್ನೂ ಹೊರಬಂದಿರಲಿಲ್ಲ. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಓದಿದವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಪಂಡಿತರು ಹಳಗನ್ನಡವನ್ನು ಬಿಡಲು ಒಪ್ಪುತ್ತಿರಲಿಲ್ಲ. ಹಿಂದೆ ಸಂಸ್ಕೃತದಿಂದ ಕನ್ನಡ ಹೇಗೆ ಸಾರವನ್ನು ಹೀರಿ ಬೆಳೆಯಿತೋ ಹಾಗೆಯೇ ಈಗ ಇಂಗ್ಲಿಷಿನಿಂದ ಪಡೆದುಕೊಳ್ಳಬೇಕು, ಆದರೆ ಪಡೆದದ್ದು ಜನರ ನಾಲಗೆಗೆ ಹತ್ತುವ ಕನ್ನಡವಾಗಿ ಹೊರಬರಬೇಕು ಎಂಬುದು ಅವರ ನಿಲುವು. ಮುಂದಿನ ಮೂವತ್ತು ವರ್ಷ ಅವರು ಬರೆದದ್ದೆಲ್ಲ ಒಂದರ್ಥದಲ್ಲಿ ಈ ಉಪನ್ಯಾಸದ ಪ್ರಯೋಗಭಾಗ.

ಇಂಗ್ಲಿಷ್ ಗೀತಗಳು

ಮೊದಲು ಕೆಲವೇ ಕವಿತೆಗಳಾಗಿ ಕಾಣಿಸಿಕೊಂಡ 'ಇಂಗ್ಲಿಷ್ ಗೀತಗಳು' 1926ರಲ್ಲಿ ವಿಸ್ತಾರವಾದ ರೂಪದಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಕವಿತೆಗಳನ್ನು ಕನ್ನಡಿಸಿದವರಲ್ಲಿ ಶ್ರೀಯವರೇ ಮೊದಲಿಗರಲ್ಲ. ಹಟ್ಟಿಯಂಗಡಿ ನಾರಾಯಣರಾಯರು 'ಆಂಗ್ಲ ಕವಿತಾವಳಿ'ಯನ್ನು ತಂದಿದ್ದರು. ಪಂಜೆ ಮಂಗೇಶರಾಯರೂ ಎಸ್. ಜಿ. ನರಸಿಂಹಾಚಾರ್ಯರೂ ಮಕ್ಕಳಿಗಾಗಿ ಇಂಥ ಪದ್ಯಗಳನ್ನು ಬರೆದಿದ್ದರು. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಬಿಟ್ಟುಕೊಟ್ಟಿದ್ದರು. ಹೀಗೆ ಬಿಡಿಬಿಡಿಯಾಗಿ ನಡೆದಿದ್ದ ಪ್ರಯತ್ನಗಳು ಶ್ರೀಯವರ ಪುಸ್ತಕದಲ್ಲಿ ಒಟ್ಟಾಗಿ, ಭಾವಗೀತೆ ಎಂಬ ಪ್ರಕಾರಕ್ಕೆ ಒಂದು ಮೈಕಟ್ಟನ್ನು ಕೊಟ್ಟವು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬೇರೆ ಬೇರೆಯಾಗಿ ಜೋಡಿಸಿ, ಸಾಲುಗಳನ್ನು ಗಿಡ್ಡ ಉದ್ದ ಮಾಡಿ, ನುಡಿಗಳಾಗಿ ಕಟ್ಟುವ ಹತ್ತಾರು ಮಾದರಿಗಳು ಅಲ್ಲಿವೆ. ನವೋದಯದ ಕವಿಗಳು ಬಹುಕಾಲ ಈ ಪುಸ್ತಕವನ್ನು ಛಂದಸ್ಸಿನ ಕೈಪಿಡಿಯಂತೆ ಬಳಸಿಕೊಂಡರು.

ಕವಿತೆಯ ಪರಿಸರವನ್ನು ಬದಲಿಸುವ ಅವರ ಕ್ರಮಕ್ಕೆ 'ಕಾರಿಹೆಗ್ಗಡೆಯ ಮಗಳು' ಒಳ್ಳೆಯ ಉದಾಹರಣೆ. ಮೂಲ ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್ ಬರೆದ ಕಥನಗೀತ. ದ್ವೀಪವೊಂದರ ಯುವ ನಾಯಕ ಇನ್ನೊಬ್ಬ ಪ್ರಭುವಿನ ಮಗಳೊಡನೆ ಓಡಿಬಂದು, ಬಿರುಗಾಳಿಯಲ್ಲಿ ದೋಣಿ ಹತ್ತುತ್ತಾನೆ. ಬೆನ್ನಟ್ಟಿ ಬಂದ ತಂದೆಯ ಕಣ್ಣೆದುರಿಗೇ ದೋಣಿ ಮುಳುಗುತ್ತದೆ. ಕನ್ನಡದಲ್ಲಿ ನಾಯಕ ಪಡುವ ದಿಬ್ಬದ ಗೌಡನಾಗುತ್ತಾನೆ, ಪ್ರಭು ಹೆಗ್ಗಡೆಯಾಗುತ್ತಾನೆ, ಅಂಬಿಗ ತೊರೆಯನಾಗುತ್ತಾನೆ. ಇಲ್ಲಿ ಬದಲಾದದ್ದು ಹೆಸರುಗಳಷ್ಟೇ ಅಲ್ಲ. ಗೌಡ, ಹೆಗ್ಗಡೆ ಎಂಬ ಮಾತುಗಳ ಜೊತೆಗೆ ಮನೆತನ, ಮಾನ, ಕುಲದ ಬಿಗಿ ಇವೆಲ್ಲ ತಾವಾಗಿಯೇ ಒಳಗೆ ಬರುತ್ತವೆ. ಸ್ಕಾಟ್ಲೆಂಡಿನ ಪಾಳೆಯಗಾರಿಕೆಯ ಬಗ್ಗೆ ಏನೂ ತಿಳಿಯದ ಓದುಗನಿಗೂ ತಂದೆ ಏಕೆ ಬೆನ್ನಟ್ಟಿದ ಎಂಬುದನ್ನು ವಿವರಿಸಬೇಕಾದ ಅಗತ್ಯ ಬೀಳುವುದಿಲ್ಲ. ಊರ ಲಾವಣಿಯೊಂದನ್ನು ಕೇಳಿದಂತೆ ಪದ್ಯ ಸಾಗುತ್ತದೆ.

'ಕರುಣಾಳು ಬಾ ಬೆಳಕೆ' ಎಂದು ಆರಂಭವಾಗುವ ಪ್ರಾರ್ಥನೆಯಲ್ಲಿ ನಡೆದ ಬದಲಾವಣೆ ಬೇರೆ ಬಗೆಯದು. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಇಟಲಿಯಿಂದ ಹಿಂದಿರುಗುವ ಹಡಗಿನಲ್ಲಿ ಬರೆದ ಈ ಪದ್ಯ ಇಂಗ್ಲಿಷಿನಲ್ಲಿ ಇಗರ್ಜಿಯ ಸ್ತೋತ್ರವಾಗಿ ಪ್ರಸಿದ್ಧವಾಗಿದೆ. ಕನ್ನಡದಲ್ಲಿ ಅದು ಯಾವುದೇ ಒಂದು ಮತಕ್ಕೆ ಅಂಟಿಕೊಳ್ಳದೆ ಶಾಲೆಯ ಪ್ರಾರ್ಥನೆಯಾಗಿ, ಸುಗಮ ಸಂಗೀತದ ಹಾಡಾಗಿ ಹರಡಿತು. ಅದಕ್ಕೊಂದು ಇಂಗ್ಲಿಷ್ ಮೂಲವಿದೆ ಎಂಬುದು ಹಾಡುವವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಥಾಮಸ್ ಹುಡ್‌ನ ಶೋಕಗೀತವನ್ನು ಆಧರಿಸಿದ 'ದುಃಖಸೇತು' ಸಂಗ್ರಹದ ಮತ್ತೊಂದು ಹೆಸರಾಂತ ಕವಿತೆ. ಶ್ರೀಯವರ ಸ್ವತಂತ್ರ ಕವಿತೆಗಳು 'ಹೊಂಗನಸುಗಳು' ಎಂಬ ಸಂಗ್ರಹದಲ್ಲಿವೆ. ಅನುವಾದಗಳಲ್ಲಿ ಕಾಣುವ ಸಹಜವಾದ ಓಟ ಅಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಗದಾಯುದ್ಧ ನಾಟಕಂ

'ಇಂಗ್ಲಿಷ್ ಗೀತಗಳು' ಹೊರಬಂದ 1926ರಲ್ಲಿಯೇ 'ಗದಾಯುದ್ಧ ನಾಟಕಂ' ಕೂಡ ಪ್ರಕಟವಾಯಿತು. ಒಂದು ಕೈಯಲ್ಲಿ ಹೊರಗಿನದನ್ನು ಒಳಗೆ ತರುತ್ತಿದ್ದವರು ಇನ್ನೊಂದು ಕೈಯಲ್ಲಿ ಒಳಗಿನದನ್ನು ಹೊರಗಿನ ಕಣ್ಣಿನಿಂದ ನೋಡುತ್ತಿದ್ದರು.

ಇದರ ಮೂಲ ಹತ್ತನೆಯ ಶತಮಾನದ ಕವಿ ರನ್ನನ 'ಸಾಹಸಭೀಮವಿಜಯ' ಅಥವಾ 'ಗದಾಯುದ್ಧ'. ಹತ್ತು ಆಶ್ವಾಸಗಳ ಈ ಚಂಪೂಕಾವ್ಯದಲ್ಲಿ ಕುರುಕ್ಷೇತ್ರ ಯುದ್ಧದ ಕೊನೆಯ ದಿನದ ಕಥೆಯಿದೆ. ಚಾಲುಕ್ಯ ದೊರೆ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಕವಿಯ ಆಶ್ರಯದಾತ. ಅವನನ್ನು ಭೀಮನೊಡನೆ ಸಮೀಕರಿಸಿ ಕಾವ್ಯವನ್ನು ಹೆಣೆಯಲಾಗಿದೆ. ಪಂಪನು ಅರಿಕೇಸರಿಗಾಗಿ ಅರ್ಜುನನಿಗೆ ಪಟ್ಟ ಕಟ್ಟಿದಂತೆ ರನ್ನನು ಕೊನೆಯಲ್ಲಿ ಭೀಮನಿಗೆ ಪಟ್ಟ ಕಟ್ಟುತ್ತಾನೆ. ಹೆಸರಿನಂತೆಯೇ ಇದು ಗೆಲುವಿನ ಕಾವ್ಯ.

ಆದರೆ ಕಾವ್ಯದ ಬಹುಭಾಗವನ್ನು ಆಕ್ರಮಿಸಿಕೊಂಡವನು ಸೋತವನು. ಸಂಜಯನ ಕೈಹಿಡಿದು ಹೆಣಗಳ ರಾಶಿಯ ನಡುವೆ ನಡೆಯುವ ದುರ್ಯೋಧನ, ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಮಗ ಲಕ್ಷಣಕುಮಾರನನ್ನೂ ಒಬ್ಬೊಬ್ಬರನ್ನಾಗಿ ಕಂಡು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚುತ್ತಾನೆ. ರಣರಂಗದ ಮರುಳುಗಳು ಅವನೊಡನೆ ಮಾತಾಡಿ ಗೇಲಿ ಮಾಡುತ್ತವೆ. ಶರಶಯ್ಯೆಯ ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರದ ನೀರಿನಲ್ಲಿ ಮಂತ್ರಬಲದಿಂದ ಅಡಗುತ್ತಾನೆ. ಭೀಮನ ಗರ್ಜನೆ ಕೇಳಿದಾಗ ಆ ತಣ್ಣೀರಿನೊಳಗೇ ಬೆವರುತ್ತಾನೆ. ಮರುಳು, ಮಂತ್ರ, ದೈವಗಳ ಅದ್ಭುತ ಲೋಕದ ನಡುವೆ ಒಬ್ಬ ಮನುಷ್ಯನ ಛಲವೂ ಒಂಟಿತನವೂ ಎದ್ದು ಕಾಣುತ್ತವೆ.

ಶ್ರೀಯವರು ಕಂಡದ್ದು ಈ ಒಳಬಿರುಕನ್ನು. ಇಂಗ್ಲಿಷ್ ಮತ್ತು ಗ್ರೀಕ್ ದುರಂತ ನಾಟಕಗಳನ್ನು ಚೆನ್ನಾಗಿ ಬಲ್ಲ ಅವರಿಗೆ, ದೊಡ್ಡ ಗುಣಗಳಿದ್ದೂ ಒಂದು ದೋಷದಿಂದ ಉರುಳುವ ಅರಿಸ್ಟಾಟಲನ ನಾಯಕ ರನ್ನನ ದುರ್ಯೋಧನನಲ್ಲಿ ಸಿದ್ಧವಾಗಿಯೇ ಕಾಣಿಸಿದ. ನಾಗಚಂದ್ರನ ರಾಮಾಯಣದ ರಾವಣನನ್ನು ದುರಂತನಾಯಕನನ್ನಾಗಿ ನೋಡುವ ಅವರ ಇಂಗ್ಲಿಷ್ ಪ್ರಬಂಧವೂ ಇದೇ ದೃಷ್ಟಿಯ ಫಲ. ಹೊಸ ಪದ್ಯಗಳನ್ನು ಬರೆದು ಹಳೆಯದನ್ನು ಮುಚ್ಚುವ ಬದಲು ಅವರು ರನ್ನನ ಪದ್ಯಗಳನ್ನೇ ಆರಿಸಿ, ಹೊಂದಿಸಿ, ಸಂಭಾಷಣೆಗಳಾಗಿ ಹಂಚಿದರು. ರನ್ನನ ಮಾತುಗಾರಿಕೆ ಮೊದಲೇ ನಾಟಕೀಯವಾದದ್ದರಿಂದ ಇದು ಸಾಧ್ಯವಾಯಿತು. ಕವಿಯೇ ನಿಂತು ವರ್ಣಿಸುವ ಭಾಗಗಳಿಗೂ ಆಶ್ರಯದಾತನ ಹೊಗಳಿಕೆಗೂ ರಂಗದ ಮೇಲೆ ಕೆಲಸವಿಲ್ಲ. ಅವು ಸರಿದ ಕೂಡಲೇ ತಕ್ಕಡಿ ಭೀಮನ ಕಡೆಯಿಂದ ದುರ್ಯೋಧನನ ಕಡೆಗೆ ವಾಲುತ್ತದೆ. ಗೆಲುವಿನ ಕಾವ್ಯ ಸೋಲಿನ ನಾಟಕವಾಯಿತು.

ಈ ಕಥೆ ಪ್ರಕಾರವನ್ನು ಬದಲಿಸಿದ್ದು ಇದೇ ಮೊದಲ ಸಲವೇನೂ ಅಲ್ಲ. ರನ್ನನಿಗೆ ವ್ಯಾಸಭಾರತ ಮತ್ತು ಪಂಪಭಾರತಗಳ ಜೊತೆಗೆ ಭಟ್ಟನಾರಾಯಣನ 'ವೇಣೀಸಂಹಾರ', ಭಾಸನ 'ಊರುಭಂಗ' ಎಂಬ ಸಂಸ್ಕೃತ ನಾಟಕಗಳ ಪ್ರೇರಣೆಯೂ ಇತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಾಗಾದರೆ ಇತಿಹಾಸದಿಂದ ನಾಟಕಕ್ಕೆ, ನಾಟಕದಿಂದ ಚಂಪುವಿಗೆ, ಚಂಪುವಿನಿಂದ ಮರಳಿ ನಾಟಕಕ್ಕೆ ಎಂದು ಈ ವಸ್ತು ಸುಮಾರು ಎರಡು ಸಾವಿರ ವರ್ಷಗಳಿಂದ ಮೈ ಬದಲಿಸುತ್ತ ಬಂದಿದೆ. ದುರ್ಯೋಧನನ ಸಾವನ್ನು ರಂಗದ ಮೇಲೆಯೇ ತೋರಿಸುವ 'ಊರುಭಂಗ' ಭಾಸನ ಇತರ ನಾಟಕಗಳೊಂದಿಗೆ ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳ ಸಂಪಾದನೆಯಲ್ಲಿ ಬೆಳಕು ಕಂಡದ್ದು 1912ರಲ್ಲಿ. ಸಂಸ್ಕೃತ ನಾಟಕಗಳಲ್ಲಿ ದುಃಖಾಂತ್ಯಕ್ಕೆ ಎಡೆಯೇ ಇಲ್ಲ ಎಂಬ ನಂಬಿಕೆ ಅಲುಗಾಡಿದ್ದ ಹೊತ್ತಿನಲ್ಲಿ ಶ್ರೀಯವರ ನಾಟಕ ಬಂದಿತೆಂಬುದನ್ನು ಮರೆಯಬಾರದು.

ಅಶ್ವತ್ಥಾಮನ್

1929ರ 'ಅಶ್ವತ್ಥಾಮನ್' ಇನ್ನೂ ದಿಟ್ಟವಾದ ಪ್ರಯೋಗ. 'ಗದಾಯುದ್ಧ ನಾಟಕ'ದಲ್ಲಿ ಕಥೆ ತನ್ನ ನೆಲದಲ್ಲೇ ಉಳಿದು ಪ್ರಕಾರವನ್ನು ಬದಲಿಸಿತ್ತು. ಇಲ್ಲಿ ಪ್ರಕಾರ ಹಾಗೆಯೇ ಉಳಿದು ನೆಲವೇ ಬದಲಾಗುತ್ತದೆ.

ಮೂಲ ಕ್ರಿಸ್ತಪೂರ್ವ ಐದನೆಯ ಶತಮಾನದ ಸೋಫೊಕ್ಲೀಸನ 'ಏಜಾಕ್ಸ್'. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಬಳಿಕ ಅವನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಹೋದವೆಂದು ಕೆರಳಿದ ಏಜಾಕ್ಸ್ ಗ್ರೀಕ್ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವತೆ ಅವನಿಗೆ ಬುದ್ಧಿಭ್ರಮೆ ಉಂಟುಮಾಡುತ್ತಾಳೆ. ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕೊಚ್ಚಿಹಾಕುತ್ತಾನೆ. ಎಚ್ಚರಾದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ನಾಟಕ ಅಲ್ಲಿಗೆ ಮುಗಿಯದೆ, ಅವನ ಹೆಣಕ್ಕೆ ಸಂಸ್ಕಾರ ಕೊಡಬೇಕೇ ಬೇಡವೇ ಎಂಬ ವಾದಕ್ಕೆ ಹೊರಳುತ್ತದೆ. ಕೊನೆಗೆ ಸತ್ತವನ ಪರವಾಗಿ ನಿಲ್ಲುವವನು ಅವನ ಶತ್ರು ಒಡಿಸ್ಯೂಸನೇ.

ಈ ಚೌಕಟ್ಟನ್ನು ಇಡಲು ಶ್ರೀಯವರು ಆರಿಸಿಕೊಂಡ ಜಾಗ ಮಹಾಭಾರತದ ಸೌಪ್ತಿಕಪರ್ವದ ರಾತ್ರಿಯ ನಂತರದ ಹೊತ್ತು. ಮಲಗಿದ್ದವರನ್ನು ಕೊಂದ ದ್ರೋಣಪುತ್ರನಿಗೂ ಮಂದೆಯನ್ನು ಕೊಂದ ಗ್ರೀಕ್ ವೀರನಿಗೂ ಹೋಲಿಕೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ; ಒಮ್ಮೆ ಬಿದ್ದ ಮೇಲೆ ಬಿಡುವುದೂ ಇಲ್ಲ. ಇಬ್ಬರೂ ಮಹಾಶೂರರು, ಇಬ್ಬರ ಶೌರ್ಯವೂ ಕೊನೆಯಲ್ಲಿ ಹೇಸಿಗೆಯ ಕೊಲೆಯಾಗಿ ಮುಗಿದದ್ದು. ಗ್ರೀಕ್ ನಾಟಕದ ಕೋರಸ್ ಕನ್ನಡದಲ್ಲಿ ಮೇಳವಾಯಿತು. ಏಜಾಕ್ಸನ ಮಲತಮ್ಮನ ಸ್ಥಾನಕ್ಕೆ ಏಕಲವ್ಯ ಬಂದ. ದ್ರೋಣನಿಗೆ ಹೆಬ್ಬೆರಳನ್ನು ಕೊಟ್ಟವನು ದ್ರೋಣನ ಮಗನ ಶವದ ಪಕ್ಕದಲ್ಲಿ ನಿಲ್ಲುವುದು ಸೋಫೊಕ್ಲೀಸನಲ್ಲಿ ಇರಲಾರದ ಅರ್ಥವನ್ನು ಆ ದೃಶ್ಯಕ್ಕೆ ತುಂಬುತ್ತದೆ. ನಾಟಕದ ಭಾಷೆಯೂ ಆಡುಮಾತಿನಿಂದ ದೂರ ಸರಿದು ಹಳಗನ್ನಡದ ಗಾಂಭೀರ್ಯವನ್ನು ಹೊತ್ತಿದೆ. 'ಇಂಗ್ಲಿಷ್ ಗೀತಗಳ' ತಿಳಿಗನ್ನಡವನ್ನು ಮೆಚ್ಚಿದ ಓದುಗರಿಗೆ ಇದು ಕಠಿನವೆನಿಸಿದರೆ ಆಶ್ಚರ್ಯವಿಲ್ಲ.

ನಿಜವಾದ ತೊಡಕು ಭಾಷೆಯಲ್ಲಿ ಇರಲಿಲ್ಲ, ಅಂತ್ಯದಲ್ಲಿತ್ತು. ಮಹಾಭಾರತದ ಅಶ್ವತ್ಥಾಮ ಸಾಯುವುದಿಲ್ಲ. ಶಿರೋಮಣಿಯನ್ನು ಕಳೆದುಕೊಂಡು, ಕೃಷ್ಣನ ಶಾಪದಿಂದ ಮೂರು ಸಾವಿರ ವರ್ಷ ಅಲೆಯುವ ಪಾಡು ಅವನದು. ಏಳು ಮಂದಿ ಚಿರಂಜೀವಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅವನದು. ಏಜಾಕ್ಸನ ಆತ್ಮಹತ್ಯೆಯಿಲ್ಲದೆ ಸೋಫೊಕ್ಲೀಸನ ನಾಟಕವಿಲ್ಲ. ಅಶ್ವತ್ಥಾಮನ ಆತ್ಮಹತ್ಯೆಗೆ ಪುರಾಣದಲ್ಲಿ ಎಡೆಯಿಲ್ಲ. ಶ್ರೀಯವರು ನಾಟಕದ ಪಕ್ಷವನ್ನು ಹಿಡಿದು ಚಿರಂಜೀವಿಯನ್ನು ಸಾಯಿಸಿದರು. ಅವನಿಗೆ ಮಡದಿಯನ್ನೂ ಮಗುವನ್ನೂ ಕೊಟ್ಟರು. ನಂಬಿಕೆಯಲ್ಲಿ ಬೇರೂರಿದ ಕಥೆಯನ್ನು ಲೇಖಕ ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಗೆ ಕನ್ನಡ ವಿಮರ್ಶೆಯಲ್ಲಿ ಈ ನಾಟಕ ಮತ್ತೆ ಮತ್ತೆ ನೆನಪಾಗುವ ಉದಾಹರಣೆಯಾಗಿದೆ. ಔಚಿತ್ಯಭಂಗವೆಂದು ಆಕ್ಷೇಪಿಸುವವರಿಗೆ ಆಧಾರ ಉಂಟು. ಆದರೆ ಸಾವೇ ಇಲ್ಲದವನಿಗೆ ದುರಂತವೂ ಇರಲಾರದು. ಶಾಪಗ್ರಸ್ತನ ಅಲೆದಾಟ ಪುರಾಣಕ್ಕೆ ಸಾಕಾಗಬಹುದು, ರುದ್ರನಾಟಕಕ್ಕೆ ಸಾಲದು. ಇಲ್ಲಿ ಪರಿಸರ ಮತ್ತು ಪ್ರಕಾರಗಳು ಒಂದನ್ನೊಂದು ಎಳೆದಾಡಿದವು, ಪ್ರಕಾರ ಗೆದ್ದಿತು.

ಇಂಗ್ಲಿಷ್ ನಾಟಕಗಳಿಗೆ ಭಾರತೀಯ ವೇಷ ತೊಡಿಸುವ ರೂಢಿ ಕನ್ನಡದಲ್ಲಿ ಮೊದಲೇ ಇತ್ತು. ಬಸವಪ್ಪ ಶಾಸ್ತ್ರಿಗಳ 'ಶೂರಸೇನ ಚರಿತ್ರೆ'ಗೆ ಮೂಲ ಷೇಕ್ಸ್‌ಪಿಯರನ 'ಒಥೆಲೋ', ಎಂ. ಎಸ್. ಪುಟ್ಟಣ್ಣನವರು 'ಕಿಂಗ್ ಲಿಯರ್' ನಾಟಕವನ್ನು 'ಹೇಮಚಂದ್ರರಾಜ ವಿಲಾಸ'ವನ್ನಾಗಿ ಮಾಡಿದ್ದರು. ಈ ಹಿಂದಿನವರು ಬಹುಮಟ್ಟಿಗೆ ಕಲ್ಪಿತ ರಾಜರ ನಡುವೆ ಕಥೆಯನ್ನು ಇಟ್ಟರು. ಶ್ರೀಯವರು ಎಲ್ಲರಿಗೂ ಗೊತ್ತಿರುವ, ಎಲ್ಲರೂ ಕಾವಲು ಕಾಯುವ ಕಥೆಯೊಳಗೇ ಕೈಯಿಟ್ಟರು. ಅವರ ತರುವಾಯ ಕುವೆಂಪು 'ಟೆಂಪೆಸ್ಟ್' ನಾಟಕವನ್ನು 'ಬಿರುಗಾಳಿ'ಯಾಗಿಯೂ 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿನ ಇತಿಹಾಸದ ಹಿನ್ನೆಲೆಯಲ್ಲಿ 'ರಕ್ತಾಕ್ಷಿ'ಯಾಗಿಯೂ ಮರುಸೃಷ್ಟಿಸಿದರು.

ಪಾರಸಿಕರು

1935ರ 'ಪಾರಸಿಕರು' ಈಸ್ಕಿಲಸನ ನಾಟಕದ ಅನುವಾದ. ಕ್ರಿಸ್ತಪೂರ್ವ 480ರ ಸಲಾಮಿಸ್ ಕಾಳಗದಲ್ಲಿ ಸೋತ ಪರ್ಷಿಯನ್ನರ ಅರಮನೆಯಲ್ಲಿ ನಡೆಯುವ ಈ ನಾಟಕದಲ್ಲಿ ಶ್ರೀಯವರು ದೇಶಕಾಲಗಳನ್ನು ಬದಲಿಸಲಿಲ್ಲ. ಉಳಿದಿರುವ ಗ್ರೀಕ್ ದುರಂತ ನಾಟಕಗಳಲ್ಲಿ ಪುರಾಣವನ್ನು ಬಿಟ್ಟು ನಡೆದ ಚರಿತ್ರೆಯನ್ನು ಎತ್ತಿಕೊಂಡದ್ದು ಇದೊಂದೇ. ಹಿಂದಿನ ಎರಡು ನಾಟಕಗಳು ಪಡೆದಷ್ಟು ಚರ್ಚೆಯನ್ನು ಇದು ಪಡೆಯಲಿಲ್ಲ.

ಕನ್ನಡದ ಕೆಲಸ

1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರು ಅಧ್ಯಕ್ಷರಾಗಿದ್ದರು. 1938ರಲ್ಲಿ ಮೈಸೂರಿನ ಮಹಾರಾಜರು 'ರಾಜಸೇವಾಸಕ್ತ' ಬಿರುದನ್ನಿತ್ತರು. ಅದೇ ವರ್ಷದಿಂದ ಬೆಂಗಳೂರಿನ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕೆಲವು ವರ್ಷ ದುಡಿದರು. ಅಧ್ಯಕ್ಷಸ್ಥಾನ ರಾಜಮನೆತನದವರಿಗೆ ಮೀಸಲಾಗಿದ್ದ ಆ ಕಾಲದಲ್ಲಿ ಪರಿಷತ್ತಿನ ಆಡಳಿತ ನಡೆಯುತ್ತಿದ್ದುದು ಉಪಾಧ್ಯಕ್ಷರಿಂದಲೇ. 'ಕನ್ನಡ ನುಡಿ' ಪತ್ರಿಕೆ, ಕನ್ನಡ ಪರೀಕ್ಷೆಗಳು, ಮಹಿಳಾ ಶಾಖೆ ಆರಂಭವಾದದ್ದು ಅವರ ಅವಧಿಯಲ್ಲಿ. ಶಿಷ್ಯರೂ ಸ್ನೇಹಿತರೂ ಸೇರಿ 1941ರಲ್ಲಿ 'ಸಂಭಾವನೆ' ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು. 'ಕನ್ನಡ ಕೈಪಿಡಿ'ಯಲ್ಲಿ ಅವರು ಬರೆದ ಭಾಗಗಳು ಮತ್ತು 'ಇಸ್ಲಾಂ ಸಂಸ್ಕೃತಿ' ಅವರ ಗದ್ಯಬರಹಗಳಲ್ಲಿ ಉಲ್ಲೇಖಾರ್ಹವಾದವು.

ಕೊನೆಯ ದಿನಗಳು

ನಿವೃತ್ತಿಯ ನಂತರ ಧಾರವಾಡದ ಕರ್ನಾಟಕ ಎಜುಕೇಶನ್ ಬೋರ್ಡಿನ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಮೂರು ದಶಕಗಳ ಹಿಂದೆ ಅಪರಿಚಿತ ತರುಣನಾಗಿ ಉಪನ್ಯಾಸ ಕೊಟ್ಟಿದ್ದ ಊರಿನಲ್ಲಿಯೇ, 62 ವರ್ಷ ತುಂಬಿದ ಎರಡು ದಿನಗಳಿಗೆ, 1946ರ ಜನವರಿ 5ರಂದು ನಿಧನರಾದರು. ರಾಜ್ಯದ ಏಕೀಕರಣಕ್ಕೆ ಇನ್ನೂ ಹತ್ತು ವರ್ಷ ಬಾಕಿಯಿತ್ತು.

ಅವರ ಶಿಷ್ಯರಲ್ಲಿ ಒಬ್ಬರಾದ ಎಂ. ವಿ. ಸೀತಾರಾಮಯ್ಯನವರು 1979ರಲ್ಲಿ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನವನ್ನು ಸ್ಥಾಪಿಸಿದರು. ದಕ್ಷಿಣ ಬೆಂಗಳೂರಿನ ನರಸಿಂಹರಾಜ ಕಾಲೊನಿಯಲ್ಲಿರುವ ಈ ಸಂಸ್ಥೆ ಹಸ್ತಪ್ರತಿಗಳ ಸಂರಕ್ಷಣೆ, ಶಾಸನಶಾಸ್ತ್ರದ ತರಗತಿಗಳು ಮತ್ತು ಗ್ರಂಥಪ್ರಕಟಣೆಯ ಕೆಲಸವನ್ನು ನಡೆಸಿಕೊಂಡು ಬಂದಿದೆ.